ಮೂರನೇ ಬುಟ್ಟಿಯಲ್ಲಿ ಏನಿದೆ

ಹೈದರಾಬಾದ್
22 ಆಗಸ್ಟ್ 2005, ಸೋಮವಾರ

ವೇದವತಿ ಮೇಡಂ ಅವರಿಗೆ,

ಪ್ರೋಗ್ರಾಂ ಪರೀಕ್ಷೆಯಲ್ಲಿ ನೀವು ಹನ್ನೊಂದು ಜನ ವಿದ್ಯಾರ್ಥಿಗಳಿಗೆ ಸೊನ್ನೆ ಹಾಕಿದ್ದೀರಿ, ಒಬ್ಬರನ್ನೂ ಕರೆದು ಕೇಳಲಿಲ್ಲ. ಇದು ಅನ್ಯಾಯ. ನಮಸ್ಕಾರ ಆಮೇಲೆ ಹೇಳುತ್ತೇನೆ. ದೊಡ್ಡವರಿಗೆ ಬರೆಯುವ ಪತ್ರಗಳಲ್ಲಿ ಮುಖ್ಯ ಮಾತು ನಮಸ್ಕಾರಗಳ ಕೆಳಗೆ ಹೂತುಹೋಗುತ್ತದೆ.

ನಾನು ಸುಗಲಮ್ಮ, ಕಂಪ್ಯೂಟರ್ ವಿಭಾಗ, ಮೂರನೇ ವರ್ಷ. ಗ್ರಂಥಾಲಯದ ಹಿಂದೆ ಮೊದಲು ಸೈಕಲ್ ನಿಲ್ಲಿಸುತ್ತಿದ್ದ ಕೋಣೆಯಲ್ಲಿ ಕಲಿಕಾ ಕೇಂದ್ರ ನಡೆಸುವವರಲ್ಲಿ ಒಬ್ಬಳು. ಅಲ್ಲಿ ಮೇಲಿನ ವರ್ಷದವರು ಕೆಳಗಿನ ವರ್ಷದವರಿಗೆ ಹೇಳಿಕೊಡುತ್ತೇವೆ. ಸ್ಟಾಫ್ ರೂಮಿನಲ್ಲಿ ನಮ್ಮ ಕೇಂದ್ರಕ್ಕೆ 'ರಿಪೇರಿ ಶೆಡ್' ಎಂದು ಹೆಸರಿಟ್ಟಿರುವುದು ನಮಗೆ ಗೊತ್ತು.

ಕೇಂದ್ರಕ್ಕೆ ಒಂದು ನಿಯಮವಿದೆ. ಬಂದವರ ಹೆಸರು, ದಿನ, ಏನು ಕೇಳಿದರು ಎಂಬುದನ್ನು ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಆ ರಿಜಿಸ್ಟರನ್ನು ಯಾವ ಮೇಷ್ಟರಿಗೂ ತೋರಿಸುವುದಿಲ್ಲ. ಯಾರು ದಡ್ಡರು ಎಂಬ ಪಟ್ಟಿ ನಿಮ್ಮ ಕೈಗೆ ಸಿಗಬಾರದು ಎಂದೇ ಈ ನಿಯಮ. ಅದನ್ನಿಡುವ ಪೆಟ್ಟಿಗೆಯ ಕೀಲಿ ಇರುವುದು ಇಬ್ಬರ ಬಳಿ ಮಾತ್ರ, ನನ್ನ ಬಳಿ ಮತ್ತು ನನ್ನ ಜೊತೆ ಹೇಳಿಕೊಡುವ ಪ್ರಾಣೇಶನ ಬಳಿ.

ಎರಡನೇ ವರ್ಷದ ನಿಮ್ಮ ತರಗತಿಯಲ್ಲಿ ಅರವತ್ತೆರಡು ಜನ. ಜುಲೈನಲ್ಲಿ ನಮ್ಮಲ್ಲಿಗೆ ಬಂದವರು ಹನ್ನೊಂದು ಜನ. ನೀವು ನಕಲು ಎಂದು ಸೊನ್ನೆ ಹಾಕಿದ್ದು ಅದೇ ಹನ್ನೊಂದು ಜನರಿಗೆ. ಒಂದು ಹೆಸರು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನಿಮಗೆ ನಮ್ಮ ರಿಜಿಸ್ಟರನ್ನು ಯಾರು ತೋರಿಸಿದರು?

ಅವರಲ್ಲಿ ಸಾಬಮ್ಮ ಎಂಬ ಹುಡುಗಿ ಇದ್ದಾಳೆ. ಅವಳ ಅಪ್ಪ ಅವ್ವ ನಮ್ಮವರಂತೆ ಕನ್ನಡದ ಕಡೆಯಿಂದ ಬಂದು ಮಣಿಕೊಂಡದಲ್ಲಿ ಕಟ್ಟಡ ಕೆಲಸ ಮಾಡುವವರು. ಕಟ್ಟಡ ಮುಗಿದರೆ ಅವರ ತಗಡಿನ ಮನೆಯೂ ಎದ್ದು ಬೇರೆ ಕಡೆ ಹೋಗುತ್ತದೆ. ಸಾಬಮ್ಮನಿಗೆ ನಿಂತ ನೆಲ ಎಂದರೆ ಸರ್ಕಾರಿ ಹಾಸ್ಟೆಲಿನ ಒಂದು ಮಂಚ. ನಕಲು ಸಾಬೀತಾದರೆ ಆ ಮಂಚ ಹೋಗುತ್ತದೆ, ಮಂಚ ಹೋದರೆ ಓದು ಹೋಗುತ್ತದೆ. ನೀವು ಕೆಂಪು ಶಾಯಿಯಲ್ಲಿ ಬರೆದದ್ದು ಅಂಕವಲ್ಲ ಎಂದು ತಿಳಿದಿರಲಿ.

ಬಾಯಲ್ಲಿ ಹೇಳಿದರೆ ಆಮೇಲೆ ಇಲ್ಲ ಅನ್ನಬಹುದು, ಅದಕ್ಕೆ ಬರೆಯುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಕನ್ನಡ ಓದಬಲ್ಲವರು ನೀವೊಬ್ಬರೇ, ಅದಕ್ಕೆ ಕನ್ನಡದಲ್ಲಿ. ಉತ್ತರವೂ ಬರವಣಿಗೆಯಲ್ಲೇ ಬೇಕು.

ಸುಗಲಮ್ಮ


25 ಆಗಸ್ಟ್ 2005

ಸುಗಲಮ್ಮ,

ನಿನ್ನ ಪತ್ರ ಸಿಕ್ಕಿತು. ನಿಮ್ಮ ರಿಜಿಸ್ಟರನ್ನು ನಾನು ನೋಡಿಲ್ಲ. ಅದರ ರಟ್ಟು ಯಾವ ಬಣ್ಣದ್ದು ಎಂದೂ ನನಗೆ ಗೊತ್ತಿಲ್ಲ.

ಅರವತ್ತೆರಡು ಉತ್ತರ ಪತ್ರಿಕೆ ತಿದ್ದಿದೆ. ಹನ್ನೊಂದರಲ್ಲಿ ಒಂದು ಪ್ರಶ್ನೆಗೆ ಒಂದೇ ತಪ್ಪು ಉತ್ತರ. ಸರಿ ಉತ್ತರ ಎಲ್ಲರದ್ದೂ ಒಂದೇ ಇರುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ತಪ್ಪುವಾಗ ಮಾತ್ರ ಒಬ್ಬೊಬ್ಬರು ಒಂದೊಂದು ದಾರಿಯಲ್ಲಿ ತಪ್ಪುತ್ತಾರೆ. ಇಲ್ಲಿ ತಪ್ಪು ಒಂದೇ, ಅದಕ್ಕೆ ಬರೆದ ಕಾರಣವೂ ಒಂದೇ. ನನ್ನ ಜಾಗದಲ್ಲಿ ನೀನಿದ್ದರೆ ಏನೆಂದುಕೊಳ್ಳುತ್ತಿದ್ದೆ?

ಆ ಹನ್ನೊಂದು ಜನ ನಿಮ್ಮ ಕೇಂದ್ರದವರು ಎಂಬುದು ನಿನ್ನ ಪತ್ರದಿಂದಲೇ ನನಗೆ ತಿಳಿದದ್ದು. ತಿಳಿದ ಮೇಲೆ ನನ್ನ ಸಂಶಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಲ್ಲಿ ಉತ್ತರಗಳು ಸಿದ್ಧವಾಗಿ ಸಿಗುತ್ತವೆ ಎಂಬ ಮಾತು ಹೋದ ವರ್ಷದಿಂದ ಇದೆ.

ಪರೀಕ್ಷಾ ಸಮಿತಿಗೆ ವರದಿ ಕೊಟ್ಟಾಗಿದೆ. ಅಕ್ಟೋಬರ್ 24ರಂದು ಸಮಿತಿ ಸೇರುತ್ತದೆ. ಹೇಳುವುದಿದ್ದರೆ ಸ್ಟಾಫ್ ರೂಮಿಗೆ ಬಾ.

ವೇದವತಿ


29 ಆಗಸ್ಟ್ 2005

ಮೇಡಂ,

ಸ್ಟಾಫ್ ರೂಮಿಗೆ ಬರುವುದಿಲ್ಲ. ಅಲ್ಲಿ ನೀವು ಕೂತಿರುತ್ತೀರಿ, ನಾವು ನಿಂತಿರುತ್ತೇವೆ. ನಿಂತವರ ಮಾತು ಬೇಗ ಮುಗಿಯುತ್ತದೆ. ಸುಲ್ತಾನ್ ಬಜಾರಿನ ಫುಟ್‌ಪಾತಿನಲ್ಲಿ ಹಳೆಯ ಕಿರುಹೊತ್ತಿಗೆಗಳು ಗುಡ್ಡೆ ಬಿದ್ದಿರುತ್ತವೆ. ವಿಚಾರಣೆಯಿಲ್ಲದೆ ಕೊಟ್ಟ ಶಿಕ್ಷೆಯನ್ನು ಶಿಕ್ಷೆ ಎನ್ನಬಾರದು ಎಂದು ಅವುಗಳಲ್ಲೊಂದರಲ್ಲಿ ಓದಿದ್ದೆ. ಯಾರೋ ಅದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ನಾನು ಇನ್ನೊಂದು ಗೆರೆ ಎಳೆದೆ.

ಯಾವ ಪ್ರಶ್ನೆ, ಯಾವ ತಪ್ಪು ಉತ್ತರ ಎಂದು ನೀವು ಬರೆದಿಲ್ಲ. ಯಾಕೆ? ಹನ್ನೊಂದು ಜನರನ್ನೂ ಕೇಳಿದೆ. "ಪೇಪರ್ ಹಗುರ ಇತ್ತು ಅಕ್ಕಾ" ಅಂದರು. ತಾವು ತಪ್ಪಿದ್ದು ಎಲ್ಲಿ ಎಂದು ಅವರಿಗೇ ಗೊತ್ತಿಲ್ಲ. ಕಳ್ಳರಿಗೆ ಕದ್ದ ವಸ್ತು ಯಾವುದೆಂದು ಗೊತ್ತಿರುವುದಿಲ್ಲವೇ?

ಹೋದ ತಿಂಗಳು ಪ್ರಾಣೇಶ ನಮ್ಮ ವಿಭಾಗದ ಒಬ್ಬ ಮೇಷ್ಟರ ಜೊತೆ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಶನಿವಾರ ಅವನನ್ನು ಕೇಳಿದೆ.

"ಚಹಾ ಕುಡಿಯೋದೂ ರಿಜಿಸ್ಟರಲ್ಲಿ ಬರೀಬೇಕಾ?" ಅಂದ.

"ಕೀಲಿ ಕೊಡು."

"ಏನಂತ ಕೊಡ್ಲಿ? ಕಳ್ಳ ಅಂತನಾ?"

"ಏನಂತಾದ್ರೂ ಕೊಡು."

ಕೊಟ್ಟ. ಮೈಸೂರಿನವನು, ಮೃದು ಮಾತಿನವನು. ಮೃದು ಮಾತಿನವರ ಮೇಲೆ ನನಗೆ ನಂಬಿಕೆ ಕಡಿಮೆ. ಈಗ ರಿಜಿಸ್ಟರ್ ದಿನವೂ ನನ್ನ ಜೊತೆ ಮಣಿಕೊಂಡದ ನಮ್ಮ ಮನೆಗೆ ಬಂದು ಬೆಳಿಗ್ಗೆ ನನ್ನ ಜೊತೆಗೇ ವಾಪಸ್ ಬರುತ್ತದೆ.

ಇನ್ನೊಂದು ಮಾತು. ನೀವು ಮೇಷ್ಟರುಗಳು ತರಗತಿಯಲ್ಲಿ ಎಲ್ಲರೆದುರು ಹೆಸರು ಕರೆದು "ನೀನು ಸೆಂಟರಿಗೆ ಹೋಗು" ಅನ್ನುತ್ತೀರಿ. ಉಳಿದವರು ನಗುತ್ತಾರೆ. ಹಾಗೆ ಕಳಿಸಿದವರು ನಮ್ಮಲ್ಲಿಗೆ ಬರುವುದಿಲ್ಲ. ಬಂದರೂ ಬ್ಯಾಗನ್ನು ಮುಖಕ್ಕೆ ಅಡ್ಡ ಹಿಡಿದು ಬರುತ್ತಾರೆ. ನಮ್ಮ ಕೋಣೆಯನ್ನು ನೀವು ಶಿಕ್ಷೆ ಮಾಡಿದ್ದೀರಿ, ಆಮೇಲೆ ಅಲ್ಲಿ ಏನು ನಡೆಯುತ್ತದೋ ಎಂದು ಸಂಶಯಪಡುತ್ತೀರಿ.

ಸುಗಲಮ್ಮ


3 ಸೆಪ್ಟೆಂಬರ್ 2005

ಸುಗಲಮ್ಮ,

ಪ್ರಶ್ನೆ ಇದು. ಎರಡು ಸಂಖ್ಯೆಗಳನ್ನು ಅದಲುಬದಲು ಮಾಡುವ ಪ್ರೋಗ್ರಾಂ. ಸಂಖ್ಯೆ ಇಡುವ ಮೊದಲನೆಯ ಜಾಗದಲ್ಲಿ ಐದು, ಎರಡನೆಯದರಲ್ಲಿ ಎಂಟು. ಮೂರನೆಯದೊಂದನ್ನು ಬಳಸಿ ಅದಲುಬದಲು ಮಾಡಬೇಕು. ಕೊನೆಯಲ್ಲಿ ಮೂರರಲ್ಲಿಯೂ ಎಷ್ಟೆಷ್ಟು ಇರುತ್ತದೆ ಎಂದು ಬರೆಯಬೇಕು. ಎಂಟು, ಐದು, ಐದು ಎಂಬುದು ಸರಿ. ನಿಮ್ಮ ಹನ್ನೊಂದು ಜನರೂ ಎಂಟು, ಐದು, ಸೊನ್ನೆ ಎಂದು ಬರೆದಿದ್ದಾರೆ. ಯಾಕೆ ಎಂಬಲ್ಲಿ "ಅದು ಖಾಲಿಯಾಯಿತು" ಎಂದಿದ್ದಾರೆ. ನಾನು ತರಗತಿಯಲ್ಲಿ ಹಾಗೆ ಹೇಳಿಲ್ಲ, ಪುಸ್ತಕದಲ್ಲೂ ಹಾಗಿಲ್ಲ. ಒಬ್ಬರು ಹೇಳಿ ಹತ್ತು ಜನ ಬರೆದುಕೊಂಡರು ಎಂದಲ್ಲದೆ ಬೇರೆ ಏನು ತಿಳಿಯಲಿ?

ನೀನು ಸಾಬಮ್ಮನನ್ನು ಈ ಪ್ರಶ್ನೆ ಕೇಳು. ಮೊದಲೇ ಸರಿ ಉತ್ತರ ಹೇಳಬೇಡ. ಅವಳು ಏನನ್ನುತ್ತಾಳೋ ಅದನ್ನು ನನಗೆ ಬರೆದರೂ ಸರಿ, ಬರೆಯದಿದ್ದರೂ ಸರಿ.

ನಿನ್ನ ಕೊನೆಯ ಮಾತಿಗೆ ಒಂದು ಉತ್ತರ. ಮೂರು ವರ್ಷದಿಂದ ನಾನು ಇಲ್ಲಿ ಪಾಠ ಮಾಡುತ್ತಿದ್ದೇನೆ. ಈ ವಾರ ನೀವು ಏನು ಕಲಿಸುತ್ತಿದ್ದೀರಿ ಎಂದು ಕೇಳಿಕೊಂಡು ನಿಮ್ಮ ಕೇಂದ್ರದಿಂದ ಒಬ್ಬರೂ ಬಂದಿಲ್ಲ. ಬಾಗಿಲು ಎರಡೂ ಕಡೆಯಿಂದ ಮುಚ್ಚಿತ್ತು.

ವೇದವತಿ


21 ಸೆಪ್ಟೆಂಬರ್ 2005

ಮೇಡಂ,

ಹದಿನೆಂಟು ದಿನ ಉತ್ತರ ಬರೆಯಲಿಲ್ಲ. ಕೇಳಿದ್ದು ಮೊದಲ ದಿನವೇ. ಬರೆಯಲು ಕೈ ಬರಲಿಲ್ಲ.

ಸಾಬಮ್ಮನನ್ನು ಕೇಳಿದೆ.

"ಖಾಲಿ ಬುಟ್ಟಿ ಅಕ್ಕಾ. ಖಾಲಿನಽ ಇರ್ತೈತಿ," ಅಂದಳು. ಹೆಸರು ಕೇಳಿದರೆ ಹೇಳುವಷ್ಟು ಸಲೀಸಾಗಿ.

"ಕಂಪ್ಯೂಟರಿನ್ಯಾಗೂ?"

"ಕಂಪ್ಯೂಟರಿಗೆ ಬ್ಯಾರೆ ಬುಟ್ಟಿ ಇರ್ತಾವೇನು? ನೀನಽ ಹೇಳಿದ್ದಿ."

ಹೌದು. ನಾನೇ ಹೇಳಿದ್ದೆ. ಜುಲೈನಲ್ಲಿ ಇವರು ಬಂದಾಗ ಮೂರನೆಯದು ಯಾಕೆ ಬೇಕು ಎಂಬುದೇ ಒಬ್ಬರಿಗೂ ತಿಳಿದಿರಲಿಲ್ಲ. ನಮ್ಮ ಅಪ್ಪ ಗೌಂಡಿ. ಅವರು ಕಟ್ಟಡ ಕಟ್ಟುವ ಜಾಗದಿಂದ ಮೂರು ಬುಟ್ಟಿ ತಂದೆ. ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಮೂರನೆಯದು ಖಾಲಿ. ಮರಳನ್ನು ಖಾಲಿ ಬುಟ್ಟಿಗೆ ಸುರಿ, ಜಲ್ಲಿಯನ್ನು ಮರಳಿನ ಬುಟ್ಟಿಗೆ ಸುರಿ, ಮೂರನೆಯದರ ಮರಳನ್ನು ಜಲ್ಲಿಯ ಬುಟ್ಟಿಗೆ ಸುರಿ. ಅದಲುಬದಲಾಯಿತು. ಹನ್ನೊಂದು ಜನರೂ ಕೈಯಾರೆ ಸುರಿದರು. ಚಿಕ್ಕಂದಿನಿಂದ ಬುಟ್ಟಿ ಕಂಡವರು, ಒಂದೇ ಸಲಕ್ಕೆ ಹಿಡಿದರು. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ದುಡಿಯುವವರ ಬುಟ್ಟಿಯಿಂದ ಕಂಪ್ಯೂಟರ್ ಕಲಿಸಿದೆ ಎಂದು ಒಂದು ಕರಪತ್ರವನ್ನೇ ಬರೆಯಲು ಹೊರಟಿದ್ದೆ.

ಬುಟ್ಟಿಯಿಂದ ಸುರಿದರೆ ಬುಟ್ಟಿ ಖಾಲಿಯಾಗುತ್ತದೆ. ಕಂಪ್ಯೂಟರಿನಲ್ಲಿ ಆಗುವುದಿಲ್ಲ, ಅಲ್ಲಿ ನಕಲು ಹೋಗುತ್ತದೆ, ಮೂಲ ಅಲ್ಲೇ ಇರುತ್ತದೆ. ನನಗೆ ಗೊತ್ತಿತ್ತು. ಆದರೆ ಕೊನೆಯಲ್ಲಿ ಆ ಮೂರನೆಯದರೊಳಗೆ ಒಮ್ಮೆ ನೋಡಿ ಎಂದು ಹೇಳಲು ನನಗೆ ಹೊಳೆಯಲೇ ಇಲ್ಲ. ಅವರು ಒಬ್ಬರನ್ನೊಬ್ಬರು ನೋಡಿ ಬರೆದಿಲ್ಲ ಮೇಡಂ. ಹನ್ನೊಂದು ಜನರೂ ನನ್ನನ್ನು ನಂಬಿ ಬರೆದಿದ್ದಾರೆ.

ರಿಜಿಸ್ಟರನ್ನು ಯಾರೂ ತೋರಿಸಿರಲಿಲ್ಲ. ಪ್ರಾಣೇಶ ಈಗ ಕೇಂದ್ರಕ್ಕೆ ಬರುವುದಿಲ್ಲ. ಗ್ರಂಥಾಲಯದಲ್ಲಿ ಎದುರಾದರೆ ಕಪಾಟಿನ ಆ ಕಡೆ ತಿರುಗುತ್ತಾನೆ.

ಆದರೂ ನಿಮ್ಮನ್ನು ಒಂದು ಕೇಳಬೇಕು. ಮೂರನೇ ತಾರೀಕು ಆ ಪ್ರಶ್ನೆ ಕಳಿಸಿದಾಗ ಇದೆಲ್ಲ ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ನನ್ನ ಬಾಯಿಂದ ಬರಲಿ ಎಂದು ಕಾದಿರೇ? ಹಾಗಿದ್ದರೆ ಅದೂ ಒಂದು ಪರೀಕ್ಷೆಯೇ, ನನಗೆ ಹೇಳದೆ ಇಟ್ಟದ್ದು.

ಸುಗಲಮ್ಮ


26 ಸೆಪ್ಟೆಂಬರ್ 2005

ಸುಗಲಮ್ಮ,

ಗೊತ್ತಿರಲಿಲ್ಲ. ನೀನು ಅವರಿಗೆ ಉತ್ತರ ಬರೆದುಕೊಟ್ಟಿದ್ದೀ, ಅದೂ ತಪ್ಪು ಉತ್ತರ ಎಂದುಕೊಂಡಿದ್ದೆ, ಅದು ನಿನಗೇ ತಿಳಿಯಲಿ ಎಂದು ಪ್ರಶ್ನೆ ಕಳಿಸಿದೆ. ನಾನು ಅಷ್ಟು ಒಳ್ಳೆಯವಳಲ್ಲ. ಹನ್ನೊಂದು ಜನ ಪ್ರಾಮಾಣಿಕವಾಗಿ ಕಲಿತೂ ಒಂದೇ ಕಡೆ ತಪ್ಪಬಹುದು ಎಂಬುದು ನನ್ನ ತಲೆಗೆ ಬರಲಿಲ್ಲ.

ನಿನ್ನ ಬುಟ್ಟಿಗಳ ವಿಷಯ ಎರಡು ಸಲ ಓದಿದೆ. ಆ ಪಾಠವನ್ನು ನಾನು ತರಗತಿಯಲ್ಲಿ ಎಷ್ಟು ಹೊತ್ತು ಮಾಡಿದೆ ಎಂದು ನೆನಪು ಮಾಡಿಕೊಂಡೆ. ಬೋರ್ಡಿನ ಮೇಲೆ ಮೂರು ಸಾಲು, ಐದು ನಿಮಿಷ. ಸಿಲಬಸ್ ಓಡುತ್ತಿತ್ತು. ಮೂರನೆಯದು ಯಾಕೆ ಎಂದು ತಿಳಿಯದವರು ನಿನ್ನಲ್ಲಿಗೆ ಬಂದರು. ನಿನ್ನಲ್ಲಿ ಏನು ತಿಳಿದರು ಎಂದು ನನಗೆ ತಿಳಿಯಲಿಲ್ಲ.

ಶುಕ್ರವಾರ ನಿಮ್ಮ ಕೇಂದ್ರದ ಬಾಗಿಲವರೆಗೆ ಬಂದಿದ್ದೆ. ಒಳಗಿನ ಮಾತು ಒಮ್ಮೆಲೇ ನಿಂತಿತು. ಒಬ್ಬಳು ಪುಸ್ತಕವನ್ನು ಬೆಂಚಿನ ಕೆಳಗೆ ತಳ್ಳಿದಳು. ನಾನು ಪೊಲೀಸಲ್ಲ ಮಾರಾಯ್ತಿ ಎನ್ನಬೇಕೆನಿಸಿತು, ಹೇಳದೆ ಬಂದೆ.

ಈಗ ಕೆಲಸದ ಮಾತು. ವರದಿಯನ್ನು ಸುಮ್ಮನೆ ಹಿಂದೆ ತೆಗೆದುಕೊಳ್ಳಲು ಬರುವುದಿಲ್ಲ. ಯಾರು ಒತ್ತಡ ಹಾಕಿದರು ಎಂದು ಕೇಳುತ್ತಾರೆ. ಪರೀಕ್ಷೆಗೆ ಮೊದಲೇ ಹನ್ನೊಂದು ಜನರೂ ಈ ಪಾಠವನ್ನು ಬುಟ್ಟಿಯಿಂದ ಕಲಿತಿದ್ದರು ಎನ್ನಲು ಸಾಕ್ಷಿ ಬೇಕು. ಅದಕ್ಕೆ ಒಂದೇ ದಾರಿ ಕಾಣುತ್ತದೆ. ತಪ್ಪು ಕಲಿಸಿದ್ದು ನಾನು ಎಂದು ನೀನು ಸಮಿತಿಗೆ ಸಹಿ ಮಾಡಿ ಬರೆದುಕೊಡಬೇಕು. ಜೊತೆಗೆ ರಿಜಿಸ್ಟರಿನ ಜುಲೈ ಪುಟ ಕೊಡಬೇಕು, ದಿನಾಂಕ ಅದರಲ್ಲಿದೆ. ಯೋಚಿಸು.

ವೇದವತಿ


6 ಅಕ್ಟೋಬರ್ 2005

ಮೇಡಂ,

ಹತ್ತು ದಿನ ಯೋಚಿಸಿದೆ. ಮೊದಲು ನನಗೆ ಅನಿಸಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಕೊನೆಗೂ ನಿಮಗೆ ಬೇಕಾಗಿದ್ದು ರಿಜಿಸ್ಟರೇ.

ಸಹಿ ಮಾಡಲು ನನಗೆ ಭಯವಿಲ್ಲ. ಆದರೆ ತಪ್ಪು ಕಲಿಸಿದೆವು ಎಂದು ಕೇಂದ್ರದವರೇ ಬರೆದುಕೊಟ್ಟ ಕಾಗದ ಸಮಿತಿಯ ಫೈಲಿನಲ್ಲಿ ಕೂತರೆ, ನಾಳೆ ಆ ಕೋಣೆಗೆ ಬೀಗ ಹಾಕಲು ಬೇರೆ ಕಾರಣ ಹುಡುಕಬೇಕಾಗಿಲ್ಲ. ಐದು ನಿಮಿಷದ ಪಾಠ ಮಾಡಿದವರು ಯಾವ ಕಾಗದಕ್ಕೂ ಸಹಿ ಮಾಡುವುದಿಲ್ಲ.

ಇನ್ನು ಪುಟ. ಜುಲೈ ಪುಟದಲ್ಲಿ ಹೆಸರು, ದಿನಾಂಕ ಮಾತ್ರ ಇಲ್ಲ. "ಇಂಗ್ಲಿಷ್ ಪ್ರಶ್ನೆ ಓದಿದರೆ ತಿಳಿಯುವುದಿಲ್ಲ" ಎಂದಿದೆ. "ಮೇಡಂ ಹತ್ತಿರ ಕೇಳಲು ಹೆದರಿಕೆ" ಎಂದಿದೆ. ಯಾರು ಹೇಳಿದರು ಎಂದೂ ಇದೆ. ಯಾರಿಗೂ ತೋರಿಸುವುದಿಲ್ಲ ಎಂದು ಮಾತು ಕೊಟ್ಟು ಬರೆಸಿಕೊಂಡದ್ದು ಇದು. ಕೊಟ್ಟ ಮಾತು ಅನುಕೂಲವಾದಾಗ ಮಾತ್ರ ಉಳಿಸಿಕೊಳ್ಳುವುದಾದರೆ ನಮಗೂ ನಿಮ್ಮ ಸಮಿತಿಗೂ ಏನು ವ್ಯತ್ಯಾಸ? ಪುಟ ಕೊಡುವುದಿಲ್ಲ.

ಬೇರೆ ದಾರಿ ನಿಮ್ಮಲ್ಲಿದ್ದರೆ ಹೇಳಿ. ನನ್ನಲ್ಲಿ ಇಲ್ಲ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಸುಗಲಮ್ಮ


7 ಅಕ್ಟೋಬರ್ 2005

ಸುಗಲಮ್ಮ,

ನಾಳೆಯಿಂದ ದಸರಾ ರಜೆ. ನಾನು ಕುಂದಾಪುರಕ್ಕೆ ಹೋಗಿ 17ಕ್ಕೆ ಬರುತ್ತೇನೆ, ಅದಕ್ಕೆ ಈಗಲೇ ಬರೆಯುತ್ತಿದ್ದೇನೆ.

ಪುಟವನ್ನು ಇನ್ನು ಕೇಳುವುದಿಲ್ಲ. ಕೇಳದೆ ನಾನು ಕೊಡಬಹುದಾದದ್ದು ಏನಿದೆ ಎಂದು ನೋಡಿದೆ. ಇದರ ಜೊತೆ ಎರಡು ಹಾಳೆ ಇಟ್ಟಿದ್ದೇನೆ. ಒಂದರಲ್ಲಿ ಡಿಸೆಂಬರ್‌ವರೆಗೆ ಯಾವ ವಾರ ಯಾವ ಪಾಠ ಮಾಡುತ್ತೇನೆ ಎಂಬುದಿದೆ. ಇನ್ನೊಂದರಲ್ಲಿ ಹಿಂದಿನ ಮೂರು ವರ್ಷದ ಪತ್ರಿಕೆಗಳಲ್ಲಿ ಹುಡುಗರು ಪದೇಪದೇ ತಪ್ಪುವ ಜಾಗಗಳನ್ನು ಬರೆದಿದ್ದೇನೆ. ಇವು ನಿನ್ನ ಕೈಯಲ್ಲಿ ಜೂನ್‌ನಲ್ಲೇ ಇರಬೇಕಿತ್ತು. ನನ್ನ ತರಗತಿಗೆ ನಿಮ್ಮಲ್ಲಿ ಯಾರಾದರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದು. ನಾನು ಹೇಳಿದ್ದು ಎಲ್ಲಿ ಮುಟ್ಟಲಿಲ್ಲ ಎಂದು ನನಗೆ ಹೇಳಬಹುದು. ಯಾರಿಗೆ ಮುಟ್ಟಲಿಲ್ಲ ಎಂಬ ಹೆಸರು ಬೇಡ.

"ಸೆಂಟರಿಗೆ ಹೋಗು" ಎಂದು ಎಲ್ಲರೆದುರು ಹೆಸರು ಕರೆದವರಲ್ಲಿ ನಾನೂ ಒಬ್ಬಳು. ಸಾಬಮ್ಮನನ್ನೇ ಕರೆದಿದ್ದೆ. ನಿನ್ನ ಆಗಸ್ಟ್ ಪತ್ರ ಓದಿದಾಗಲೇ ನೆನಪಾಗಿತ್ತು. ಇಷ್ಟು ದಿನ ಬರೆಯಲಿಲ್ಲ.

ಸಮಿತಿಯ ಮುಂದೆ ನಾನು ಕೇಳಿ ತಿಳಿಯದೆ ವರದಿ ಕೊಟ್ಟೆ ಎಂದು ಹೇಳುತ್ತೇನೆ, ಸಹಿ ಮಾಡಿ ಬರೆದೂ ಕೊಡುತ್ತೇನೆ. ಅಷ್ಟರಿಂದಲೇ ಅವರು ಒಪ್ಪುತ್ತಾರೆ ಎಂಬ ನಂಬಿಕೆ ನನಗಿಲ್ಲ.

ವೇದವತಿ


18 ಅಕ್ಟೋಬರ್ 2005, ಮಂಗಳವಾರ

ಮೇಡಂ,

ನೀವು ಕೊಟ್ಟ ಹಾಳೆಗಳನ್ನು ಮೊದಲು ಸಂಶಯದಿಂದಲೇ ಓದಿದೆ. ಇದರಲ್ಲಿ ಏನು ಹಿಕಮತ್ತಿದೆ ಎಂದು ಹುಡುಕಿದೆ. ಹುಡುಗರು ತಪ್ಪುವ ಜಾಗಗಳ ಪಟ್ಟಿಯಲ್ಲಿ ಎರಡು ಕಡೆ ನಾನೂ ತಪ್ಪಿದೆ. ಆಮೇಲೆ ಹುಡುಕುವುದನ್ನು ಬಿಟ್ಟೆ.

ರಜೆಯಲ್ಲಿ ಹನ್ನೊಂದು ಜನರನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಎಂದೆ. ಪುಟ ಕೇಳಿದ್ದರು, ನಿಮ್ಮ ಹೆಸರು ಹೊರಗೆ ಬರಬಾರದೆಂದು ಕೊಡಲಿಲ್ಲ ಎಂದೆ. ಎಲ್ಲರೂ ನನ್ನನ್ನು ಮೆಚ್ಚುತ್ತಾರೆ ಅಂದುಕೊಂಡಿದ್ದೆ.

ಸಾಬಮ್ಮ ಕೇಳಿದಳು, "ನಮ್ಮನ್ನ ಕೇಳಿದ್ದೇನು?"

"ನಿಮಗ ಕೊಟ್ಟ ಮಾತು ಅದು."

"ನಮಗ ಕೊಟ್ಟ ಮಾತು ಅಂದ್ರ ನಮ್ಮನ್ನಽ ಕೇಳಬೇಕಲ್ಲ ಅಕ್ಕಾ. ಮೇಡಂ ಕೇಳದಽ ಸೊನ್ನಿ ಹಾಕಿದ್ರು. ನೀ ಕೇಳದಽ ಪುಸ್ತಕ ಮುಚ್ಚಿಟ್ಟಿ. ನೀ ನಮ್ಮ ಹೆಸರು ಕಾಯಾಕತ್ತಿ, ನನ್ನ ಮಂಚ ಯಾರು ಕಾಯ್ತಾರ?"

ರಿಜಿಸ್ಟರನ್ನು ತೆಗೆದು ಅವರ ನಡುವೆ ಇಟ್ಟೆ. ಅವರೇ ಮಾತಾಡಿಕೊಂಡರು. ಪುಟವನ್ನು ಸಮಿತಿಗೆ ತಾವೇ ತೋರಿಸುವುದಾಗಿ, ಅದರ ಕೆಳಗೆ ತಾವೇ ಸಹಿ ಮಾಡುವುದಾಗಿ ಹನ್ನೊಂದು ಜನರೂ ಒಪ್ಪಿದರು. ಇಬ್ಬರು ತಾವು ಹೇಳಿದ ಸಾಲನ್ನು ಕಾಗದ ಅಂಟಿಸಿ ಮುಚ್ಚಬೇಕು ಎಂದರು. ಒಬ್ಬಳು, "ಮೇಡಂ ಅಂದ್ರ ಹೆದರಿಕಿ ಅಂತ ಬರ್ದದ್ದು ನಂದು, ಅದು ಹಂಗಽ ಇರಲಿ, ಓದಲಿ," ಎಂದಳು.

ಆಮೇಲೆ ಪಾಠವನ್ನು ಮತ್ತೆ ಮಾಡಿದೆ. ಬುಟ್ಟಿ ತರಲಿಲ್ಲ. ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿರುವಾಗ ಸಾಬಮ್ಮನೇ, "ಹಂಗಾದ್ರ ಇದು ಸುರಿಯೂದಲ್ಲ, ಜೆರಾಕ್ಸ್ ತಗಿಯೂದು," ಎಂದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಪ್ರಾಣೇಶನ ಹತ್ತಿರ ಹೋಗಿದ್ದೆ. ಕ್ಷಮಿಸು ಎಂದೆ. "ಕ್ಷಮಿಸೋದು ಆಮೇಲೆ ನೋಡೋಣ, ಕೀಲಿ ಎಲ್ಲಿ?" ಅಂದ. ಕೊಟ್ಟೆ. ಆ ಚಹಾ ಯಾಕೆ ಎಂದು ನಾನು ಕೇಳಲಿಲ್ಲ, ಅವನೇ ಹೇಳಿದ. ಕೇಂದ್ರಕ್ಕೆ ಒಂದು ಫ್ಯಾನ್ ಕೇಳುತ್ತಿದ್ದನಂತೆ.

ನಾನೂ ಸಹಿ ಮಾಡಿ ಬರೆದುಕೊಡುತ್ತೇನೆ. ನನ್ನ ಕಾಗದ, ನಿಮ್ಮ ಕಾಗದ, ಅವರ ಪುಟ, ಮೂರೂ ಒಂದೇ ಪಿನ್ನಿನಲ್ಲಿ ಇರಬೇಕು. ಬೇರೆ ಬೇರೆ ಹೋದರೆ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಕಳೆದುಹಾಕುವುದು ಸುಲಭ. ನಿಮ್ಮ ಮೇಲೆ ಸಂಶಯವಲ್ಲ, ಫೈಲುಗಳ ಮೇಲೆ. ನಿಮ್ಮ ಮೇಲೂ ಸ್ವಲ್ಪ ಉಳಿದಿದೆ, ಸುಳ್ಳು ಹೇಳಲಾರೆ.

ಸಮಿತಿ ಸೇರುವುದು ಸೋಮವಾರ. ಅದಕ್ಕೆ ಮೊದಲು ನೀವು ಕೇಂದ್ರಕ್ಕೆ ಬರಬೇಕು. ಹನ್ನೊಂದು ಜನರನ್ನೂ ಒಬ್ಬೊಬ್ಬರಾಗಿ ಬೇಕಾದ್ದು ಕೇಳಿ, ನಾನು ಹೊರಗೆ ನಿಂತಿರುತ್ತೇನೆ, ಪಿಟ್ಟೆನ್ನುವುದಿಲ್ಲ. ಅವರಲ್ಲೂ ಕೆಲವರಿಗೆ ನಿಮ್ಮನ್ನು ಕೇಳುವುದಿದೆ. ನಿಮಗೂ ಅದೇ ಬೆಂಚು, ಕುರ್ಚಿ ನಮ್ಮಲ್ಲಿಲ್ಲ. ಕೇಳುವುದು ಮುಗಿದ ಮೇಲೆ ಎಲ್ಲರೂ ಅಲ್ಲೇ ಸಹಿ ಮಾಡೋಣ.

ಶನಿವಾರ, ಅಕ್ಟೋಬರ್ 22, ಮಧ್ಯಾಹ್ನ ಮೂರು ಗಂಟೆಗೆ. ಗ್ರಂಥಾಲಯದ ಹಿಂದಿನ ಕೋಣೆ.

ಸುಗಲಮ್ಮ